"ಅಮ್ಮ, ಯೇಸು ನಮಗೆ ಅಭ್ಯಾಸನಾ?": ಮನೆಮಂದಿಯೆಲ್ಲ ಸೇರಿ ನಂಬಿಕೆಯ ಬಗ್ಗೆ ಧೈರ್ಯವಾಗಿ ಮಾತಾಡುವುದು ಹೇಗೆ

ಮೂರು ವರ್ಷದ ಹಿಂದಿನ ಕ್ರಿಸ್ಮಸ್. ತಟ್ಟೆಯಲ್ಲಿ ಕರ್ಜಿಕಾಯಿ, ಅಚ್ಚಪ್ಪ, ಮೊಟ್ಟೆ ಹಾಕದ ಕೇಕಿನ ಎರಡು ತುಂಡು ಇಟ್ಟುಕೊಂಡು ನಾನೂ ಮಗಳೂ ಮೇಲಿನ ಮನೆಗೆ ಹೋದೆವು. ಅಕ್ಕ ತಿಂಡಿಯನ್ನು ಡಬ್ಬಿಗೆ ಹಾಕಿಕೊಂಡರು. ತಟ್ಟೆಯನ್ನು ಬರಿದಾಗಿ ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ನನ್ನ ಕೈಗೆ ಕೊಡುತ್ತಾ ಕೇಳಿದರು: "ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷದಿಂದ ನೋಡ್ತಿದ್ದೀನಿ, ಒಂದು ಭಾನುವಾರಾನೂ ತಪ್ಪಿಸಲ್ಲ ನೀವು. ಆ ಯೇಸು ಅಂದ್ರೆ ನಿಮಗೆ ಏನು?"

ನನ್ನ ನಾಲಿಗೆ ಒಣಗಿತು. "ಏನಿಲ್ಲ ಅಕ್ಕ, ಚಿಕ್ಕವಯಸ್ಸಿಂದ ಅಭ್ಯಾಸ ಆಗ್ಬಿಟ್ಟಿದೆ" ಅಂದು ಇಳಿದು ಬಂದೆ. ಮೆಟ್ಟಿಲ ಮೇಲೆ ಒಂಬತ್ತು ವರ್ಷದ ಮಗಳು ನನ್ನ ಸೆರಗು ಎಳೆದು ಕೇಳಿದಳು: "ಅಮ್ಮ, ಯೇಸು ನಮಗೆ ಅಭ್ಯಾಸನಾ?"

ಅವತ್ತು ರಾತ್ರಿ ನಾನೂ ನನ್ನ ಗಂಡನೂ ಬಹಳ ಹೊತ್ತು ಮಾತಾಡಿದೆವು. ಇಬ್ಬರೂ ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವರು. ಸಭೆಯಲ್ಲಿ ಎದ್ದು ನಿಂತು ಪಾಠ ಓದಿದವರು, ಕೀರ್ತನೆ ಹಾಡಿದವರು. ಆದರೆ ಮೇಲಿನ ಮನೆಯವರು ಪ್ರೀತಿಯಿಂದ ಕೇಳಿದ ಒಂದು ಪ್ರಶ್ನೆಗೆ ನಮ್ಮಲ್ಲಿ ಮಾತಿರಲಿಲ್ಲ. ಯಾಕೆಂದು ಯೋಚಿಸಿದರೆ ಕಾರಣ ಮನೆಯೊಳಗೇ ಸಿಕ್ಕಿತು: ನಾವು ಅದನ್ನು ಒಬ್ಬರಿಗೊಬ್ಬರು ಯಾವತ್ತೂ ಹೇಳಿಕೊಂಡಿರಲಿಲ್ಲ. ಮನೆಯಲ್ಲಿ ಆಡದ ಮಾತು ಬಾಗಿಲಾಚೆ ಹೇಗೆ ಬಂದೀತು?

ಆಮೇಲಿನ ಮೂರು ವರ್ಷಗಳಲ್ಲಿ ನಾವು ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87 ಮಾತ್ರ. ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಓಣಿಯಲ್ಲಿ, ತರಗತಿಯಲ್ಲಿ, ಆಫೀಸಿನಲ್ಲಿ ತಾವೊಬ್ಬರೇ. ಅಂಥ ಮನೆಗಳನ್ನು ನೆನೆದೇ ಇದನ್ನು ಬರೆದಿದ್ದೇನೆ.

ಮೊದಲು, ಭಯಕ್ಕೆ ಹೆಸರಿಡಿ

ಒಂದು ಸಂಜೆ ಟಿವಿ ಆರಿಸಿ, ಎಲ್ಲರಿಗೂ ಒಂದೊಂದು ಚೀಟಿ ಕೊಡಿ. "ಯೇಸುವಿನ ಬಗ್ಗೆ ಹೊರಗೆ ಮಾತಾಡಬೇಕು ಅಂದರೆ ನನಗೆ ಭಯ ಆಗುವುದು ಇದಕ್ಕೆ" ಅಂತ ಒಂದು ಸಾಲು ಬರೆಯಲಿ. ಬರೆಯಲು ಬಾರದ ಚಿಕ್ಕವರು ಬಾಯಲ್ಲಿ ಹೇಳಲಿ. ಯಾರೂ ನಗಬಾರದು, ಯಾರೂ ಬುದ್ಧಿ ಹೇಳಬಾರದು.

ನಮ್ಮ ಮನೆಯ ಚೀಟಿಗಳಲ್ಲಿ ಇದ್ದದ್ದು ಇಷ್ಟು. ಮಗಳದು: "ಫ್ರೆಂಡ್ಸ್ ನಗ್ತಾರೆ." ಮಗನದು: "ಅವರು ವಾಪಸ್ ಪ್ರಶ್ನೆ ಕೇಳಿದರೆ ನನಗೆ ಗೊತ್ತಿಲ್ಲ." ಗಂಡನದು: "ಮತಾಂತರ ಮಾಡೋಕೆ ಬಂದವನು ಅನ್ನುತ್ತಾರೆ." ನನ್ನದು: "ಅಕ್ಕನ ಸ್ನೇಹ ಕೆಡುತ್ತದೆ." ಅತ್ತೆ ಬರೆದದ್ದು ಒಂದೇ ಪದ: "ಗಲಾಟೆ."

ಚೀಟಿಗಳನ್ನು ಮೂರು ಗುಂಪು ಮಾಡಿ. ನಾಚಿಕೆಯಿಂದ ಹುಟ್ಟಿದ ಭಯ ಒಂದು, ತಿಳಿಯದ್ದರಿಂದ ಹುಟ್ಟಿದ್ದು ಇನ್ನೊಂದು, ನಿಜವಾದ ಅಪಾಯ ಮೂರನೆಯದು. ಈ ವಿಂಗಡಣೆ ಬಹಳ ಮುಖ್ಯ, ಯಾಕೆಂದರೆ ಮೂರಕ್ಕೂ ಮದ್ದು ಬೇರೆ ಬೇರೆ. ನಾಚಿಕೆ ಹೋಗುವುದು ಪ್ರಾರ್ಥನೆಯಿಂದ ಮತ್ತು ರೂಢಿಯಿಂದ. ತಿಳಿಯದ್ದಕ್ಕೆ ಓದಬೇಕು, ಕೇಳಬೇಕು. ಅಪಾಯಕ್ಕೆ ವಿವೇಕ ಬೇಕು; ಅತ್ತೆಯ ಭಯವನ್ನು "ನಿಮಗೆ ವಿಶ್ವಾಸ ಕಡಿಮೆ" ಎಂದು ತಳ್ಳಿಹಾಕುವುದು ಅನ್ಯಾಯ.

ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯವನ್ನು ಆ ಸಂಜೆಯೇ ಓದಿ. ಹಿರೀಸಭೆಯವರು ಪೇತ್ರ ಯೋಹಾನರನ್ನು ಬೆದರಿಸಿ ಕಳಿಸಿದ ಮೇಲೆ ಶಿಷ್ಯರು ಒಟ್ಟಾಗಿ ಪ್ರಾರ್ಥಿಸುತ್ತಾರೆ. ಬೆದರಿಕೆ ತಪ್ಪಲಿ ಎಂದು ಅವರು ಬೇಡಲಿಲ್ಲ, ಮಾತಾಡುವ ಧೈರ್ಯ ಕೊಡು ಎಂದು ಬೇಡಿದರು. ಹಾಗೆ ಬೇಡಿದವರಲ್ಲಿ ಪೇತ್ರನೂ ಇದ್ದ. ಕೆಲವೇ ವಾರಗಳ ಹಿಂದೆ ಮಹಾಯಾಜಕನ ಮನೆಯಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ, ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ "ನಾನಲ್ಲ" ಅಂದಿದ್ದ ಅದೇ ಪೇತ್ರ. "ಅಭ್ಯಾಸ" ಎಂದು ಹೇಳಿ ಮೆಟ್ಟಿಲಿಳಿದ ನನಗೆ ಆ ಅಧ್ಯಾಯ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ.

ಕುಟುಂಬ ಪ್ರಾರ್ಥನೆಯಲ್ಲಿ ಬಾಯಿ ಬಿಡಿ

ನಮ್ಮ ಕುಟುಂಬ ಪ್ರಾರ್ಥನೆ ಹೇಗಿತ್ತೆಂದರೆ, ಯಜಮಾನರು ಓದುತ್ತಿದ್ದರು, ಮಕ್ಕಳು ತೂಕಡಿಸುತ್ತಿದ್ದರು, ನಾನು ಅನ್ನದ ಕುಕ್ಕರಿನ ಕಡೆ ಕಿವಿ ಇಟ್ಟಿರುತ್ತಿದ್ದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬಲ್ಲಿ ಎಲ್ಲರೂ ಒಮ್ಮೆಲೇ ಎಚ್ಚರವಾಗಿ ಓಡಿಸಿಬಿಡುತ್ತಿದ್ದೆವು.

ಈಗ ಮಾಡುವುದು ಹದಿನೈದೇ ನಿಮಿಷ. ಹತ್ತು ವಚನಕ್ಕಿಂತ ಹೆಚ್ಚು ಓದುವುದಿಲ್ಲ. ಓದಿದ ಮೇಲೆ ಪ್ರತಿಯೊಬ್ಬರೂ ಒಂದು ಮಾತು ಹೇಳಬೇಕು: ಇವತ್ತು ದೇವರು ನೆನಪಾದದ್ದು ಯಾವಾಗ? "ಇಡೀ ದಿನ ನೆನಪೇ ಆಗಲಿಲ್ಲ" ಅನ್ನುವುದೂ ಉತ್ತರವೇ, ಅದಕ್ಕೆ ಬೈಗುಳ ಇಲ್ಲ. ಮೊದಲ ಎರಡು ವಾರ ಮುಜುಗರವಾಗುತ್ತದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ದಯವಿಟ್ಟು ನಿಲ್ಲಿಸಬೇಡಿ. ಮೂರನೇ ವಾರದಲ್ಲಿ ನನ್ನ ಗಂಡ, ಕೆಲಸ ಹೋಗುವ ಹಾಗಿದ್ದ ಒಂದು ತಿಂಗಳು ತಾವು ಬಸ್ಸಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದದ್ದನ್ನು ಹೇಳಿದರು. ಹದಿನಾಲ್ಕು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತಿರಲಿಲ್ಲ.

ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳ ಜೊತೆ ಈ ಮಾತಾಡಿ ಎಂದು ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಹೇಳುತ್ತದೆ. ಅಲ್ಲಿ ಹೇಳಿರುವುದೆಲ್ಲ ಮನೆಯ ಜಾಗಗಳು, ದಿನದ ಹೊತ್ತುಗಳು.

ಚರ್ಚಿನ ಕನ್ನಡವನ್ನು ಅಡುಗೆಮನೆಯ ಕನ್ನಡಕ್ಕೆ ತನ್ನಿ

ಹೆಚ್ಚು ಜನ ಗಮನಿಸದ ಹೆಜ್ಜೆ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದೂ ಇದೇ.

ನಮ್ಮ ಬೈಬಲ್ಲಿನ ಕನ್ನಡಕ್ಕೆ ಹಳೆಯ ಬೇರುಗಳಿವೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಬೈಬಲ್ ಅಚ್ಚಾಗಿ ಬರುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಒಂದೊಂದು ಪದಕ್ಕೂ ಎಷ್ಟು ತಡಕಾಡಿರಬೇಕು! ಆಮೇಲೆ ಎಷ್ಟೋ ಸಲ ತಿದ್ದುಪಡಿ ಆಗಿದೆ, ಹೊಸ ಅನುವಾದಗಳು ಬಂದಿವೆ. ಆದರೂ ಮಾನಸಾಂತರ, ನೀತಿವಂತಿಕೆ, ರಕ್ಷಣೆ, ಕೃಪೆ, ಪವಿತ್ರಾತ್ಮಾಭಿಷೇಕ ಎಂಬ ಪದಗಳು ಸಭೆಯ ಗೋಡೆಯೊಳಗೇ ಉಳಿದಿವೆ. ಅವು ನನಗೆ ಪ್ರಿಯವಾದ ಪದಗಳು, ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೇಲಿನ ಮನೆಯ ಅಕ್ಕನಿಗೆ "ರಕ್ಷಣೆ" ಅಂದರೆ ಪೊಲೀಸ್ ರಕ್ಷಣೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೂ ಅಷ್ಟೇ.

ಇನ್ನು "ಪಾಪ". ಈ ಪದ ಕನ್ನಡದಲ್ಲಿ ಮೂರು ಕಡೆ ನಡೆಯುತ್ತದೆ. ಬಿದ್ದ ಮಗುವನ್ನು ನೋಡಿ "ಅಯ್ಯೋ ಪಾಪ" ಅನ್ನುತ್ತೇವೆ, ಅದು ಕನಿಕರ. "ಯಾವ ಜನ್ಮದ ಪಾಪವೋ" ಅಂದರೆ ಕರ್ಮದ ಲೆಕ್ಕ. ನಾವು ಸಭೆಯಲ್ಲಿ ಹೇಳುವುದು ಮೂರನೆಯದು, ತಂದೆಯ ಮನೆಯಿಂದ ಮುಖ ತಿರುಗಿಸಿ ಹೊರಟುಹೋಗುವುದು. ಅರ್ಥ ಬಿಡಿಸದೆ "ನಾವೆಲ್ಲ ಪಾಪಿಗಳು" ಅಂದರೆ ಎದುರಿನವರಿಗೆ ಅದು ಬೈಗುಳದಂತೆ ಕೇಳುತ್ತದೆ. ಅದರ ಬದಲು ತಪ್ಪಿಹೋದ ಮಗನ ಕಥೆ ಹೇಳಿ. ಅಪ್ಪ ಬದುಕಿರುವಾಗಲೇ ಪಾಲು ಕೇಳಿ ಇಸಕೊಂಡು ಊರು ಬಿಟ್ಟ ಮಗ, ದಿನಾ ದಾರಿ ನೋಡುವ ಅಪ್ಪ. ಆಸ್ತಿ ಪಾಲಿನ ಜಗಳ ಗೊತ್ತಿರುವ ಯಾವ ಮನೆಗೂ ಆ ಕಥೆಯನ್ನು ವಿವರಿಸಬೇಕಾಗಿಲ್ಲ.

ಅಕ್ಕ ಒಮ್ಮೆ ಕೇಳಿದ್ದರು: "ಯೇಸು ನಿಮ್ಮ ಮನೆದೇವ್ರಾ?" ಆ ಪ್ರಶ್ನೆಯಲ್ಲಿ ಗೌರವವಿದೆ. ಮನೆದೇವರು ಎಂದರೆ ಹಿರಿಯರಿಂದ ಬಂದವನು, ಕಷ್ಟಕ್ಕೆ ಒದಗುವವನು, ಬಿಡಬಾರದವನು. ಆದರೆ ಒಂದು ವಂಶಕ್ಕೆ ಸೇರಿದವನು ಎಂಬ ಅರ್ಥವೂ ಅದರಲ್ಲಿ ಇದೆ. "ಹೌದು ಅಕ್ಕ, ನಮ್ಮ ಅಜ್ಜ ಅಜ್ಜಿ ಕಾಲದಿಂದ ನಮ್ಮನ್ನು ಕಾದವನು. ಆದರೆ ನಮ್ಮ ಮನೆಗೆ ಮಾತ್ರ ಸೇರಿದವನಲ್ಲ ಅಂತ ನಾವು ನಂಬ್ತೀವಿ" ಎಂದು ಹೇಳಬಹುದಿತ್ತು. ಈಗ ಹಾಗೆ ಹೇಳುತ್ತೇನೆ.

ಅಭ್ಯಾಸ ಹೀಗಿರಲಿ. ವಾರಕ್ಕೊಂದು ಪದ ಆರಿಸಿ ಫ್ರಿಜ್ಜಿನ ಮೇಲೆ ಬರೆದಿಡಿ. ಆ ಪದವನ್ನೇ ಬಳಸದೆ ಅದರ ಅರ್ಥವನ್ನು ಹೇಳಲು ಎಲ್ಲರೂ ಪ್ರಯತ್ನಿಸಿ. "ಕೃಪೆ"ಗೆ ನಮ್ಮ ಮಗ ಹೇಳಿದ್ದು: "ಪರೀಕ್ಷೇಲಿ ಫೇಲ್ ಆಗಿ ಬಂದಾಗ ಅಪ್ಪ ಬೈಯದೆ ಮಸಾಲೆದೋಸೆ ತಿನ್ನಿಸಿದ್ದು." ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಎರಡು ನಿಮಿಷದ ಸಾಕ್ಷಿ ಕಟ್ಟಿಕೊಳ್ಳಿ

ಹುಟ್ಟಾ ಕ್ರೈಸ್ತರದು ಒಂದೇ ದೂರು: "ನಮಗೆಲ್ಲಿ ಸಾಕ್ಷಿ ಇದೆ? ನಾವೇನು ಕುಡಿದು ಹಾಳಾಗಿ ಬದಲಾದವರಾ?" ಸಾಕ್ಷಿ ಎಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು, ಕೋರ್ಟಿನಲ್ಲಿ ಹೇಗೋ ಹಾಗೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಪಂಡಿತರು ಎಷ್ಟು ಕುಟುಕಿದರೂ ಅವನು ಹೇಳಿದ್ದು ಒಂದೇ: ನನಗೆ ಒಂದು ಗೊತ್ತು, ಮೊದಲು ಕಣ್ಣು ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ.

ಮೂರು ಪ್ರಶ್ನೆಗೆ ಮೂರು ನಾಲ್ಕು ವಾಕ್ಯದಲ್ಲಿ ಉತ್ತರ ಬರೆಯಿರಿ. ಯಾವ ಕಷ್ಟ ಅಥವಾ ಕೊರತೆಯಲ್ಲಿದ್ದೆ? ಆಗ ಯೇಸು ಹೇಗೆ ಒದಗಿದ? ಅದರಿಂದ ಇವತ್ತು ಏನು ಬೇರೆಯಾಗಿದೆ? ನನ್ನದು ಹೀಗಿದೆ: "ಅಪ್ಪ ತೀರಿಹೋದಾಗ ನನಗೆ ಇಪ್ಪತ್ತೆರಡು. ಸಾಲ ಇತ್ತು, ತಮ್ಮ ಓದುತ್ತಿದ್ದ, ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದು ರಾತ್ರಿ ಕೀರ್ತನೆ 23 ಓದುವಾಗ, ಕತ್ತಲೆಯ ಕಣಿವೆಯಲ್ಲೂ ನೀನು ಹತ್ತಿರ ಇದ್ದೀ ಅನ್ನೋ ಮಾತು ನನಗೇ ಹೇಳಿದ ಹಾಗಾಯಿತು. ಸಾಲ ಅವತ್ತೇ ತೀರಲಿಲ್ಲ, ಆರು ವರ್ಷ ಹಿಡಿಯಿತು. ಆದರೆ ಅವತ್ತಿನಿಂದ ಒಂಟಿ ಅನ್ನಿಸಿಲ್ಲ."

ಎರಡು ಎಚ್ಚರಿಕೆ. ಒಂದು, ಉಬ್ಬಿಸಬೇಡಿ. "ಸಾಲ ಅವತ್ತೇ ತೀರಲಿಲ್ಲ" ಎಂಬ ವಾಕ್ಯವನ್ನು ನಾನು ಬೇಕೆಂದೇ ಇಟ್ಟಿದ್ದೇನೆ. ಯೇಸುವನ್ನು ನಂಬಿದರೆ ಕಾಯಿಲೆ ಹೋಗುತ್ತದೆ, ದುಡ್ಡು ಬರುತ್ತದೆ ಎಂದು ಕೇಳುವವರಿಗೆ ಅನ್ನಿಸುವ ಹಾಗೆ ಹೇಳುವುದು ಸುಳ್ಳು ಸಾಕ್ಷಿ. ಎರಡು, ನಿಮ್ಮ ಹಳೆಯ ದಾರಿಯನ್ನಾಗಲಿ, ಇನ್ನೊಬ್ಬರ ದೇವರನ್ನಾಗಲಿ, ಇನ್ನೂ ಅದನ್ನು ಪೂಜಿಸುವ ನಿಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರನ್ನಾಗಲಿ ಹಳಿಯಬೇಡಿ. ಒಳ್ಳೆಯ ಊಟ ಮಾಡಿಬಂದವನು ಪಕ್ಕದ ಮನೆಯ ಅಡುಗೆಯನ್ನು ಜರಿಯಬೇಕಾಗಿಲ್ಲ.

ಪ್ರಶ್ನೆಗಳನ್ನು ಮನೆಯಲ್ಲೇ ಆಡಿ ನೋಡಿ

ಭಾನುವಾರ ಊಟ ಆದ ಮೇಲೆ ಒಬ್ಬರು ನೆರೆಯವರಾಗಲಿ, ಇನ್ನೊಬ್ಬರು ಉತ್ತರ ಕೊಡಲಿ. ಮಕ್ಕಳಿಗೆ ಇದು ಬಹಳ ಇಷ್ಟ. ಕೇಳುವವರು ನಿಜವಾಗಿ ಬರುವ ಪ್ರಶ್ನೆಯನ್ನೇ ಕೇಳಬೇಕು.

"ನಿಮಗೆ ಎಷ್ಟು ದುಡ್ಡು ಕೊಟ್ರು?" ಇದು ನೋಯಿಸುತ್ತದೆ. ಸಿಟ್ಟು ಬರುವುದು ಸಹಜ, ಅದಕ್ಕೇ ಮನೆಯಲ್ಲಿ ಅಭ್ಯಾಸ ಬೇಕು. ನಮ್ಮ ಉತ್ತರ: "ಯಾರೂ ಕೊಟ್ಟಿಲ್ಲ ಅಂಕಲ್. ನಾವೇ ಪ್ರತಿ ತಿಂಗಳೂ ಕಾಣಿಕೆ ಹಾಕ್ತೀವಿ." ಅಷ್ಟೇ ಸಾಕು. ಮುಖದಲ್ಲಿ ನಗು ಇರಲಿ.

"ಅದು ಬ್ರಿಟಿಷರ ಧರ್ಮ ಅಲ್ವಾ?" ಇದಕ್ಕೆ ಮಕ್ಕಳಿಗೆ ಚರಿತ್ರೆ ಗೊತ್ತಿರಬೇಕು. ಯೇಸು ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಅದು ಇರುವುದು ಏಷ್ಯಾದಲ್ಲಿ. ಪಕ್ಕದ ಕೇರಳದ ಸಭೆಗಳು ತಮ್ಮ ಮೂಲವನ್ನು ಅಪೊಸ್ತಲ ತೋಮನಿಗೆ ಹೇಳಿಕೊಳ್ಳುತ್ತವೆ. ಇಂಗ್ಲಿಷರ ಹಡಗು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿ ಕ್ರೈಸ್ತರು ಇದ್ದರು. ನಮ್ಮ ನಾಡಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಅವರು ಜರ್ಮನ್ ಮಾತಾಡುವವರು. ಅವರಲ್ಲಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ ಮೊದಲಿಗರಲ್ಲೂ ಅವರಿದ್ದಾರೆ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಬೆಂಗಳೂರಿನವರಾದರೆ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಕಿಟೆಲ್ ಪ್ರತಿಮೆಯ ಮುಂದೆ ಮಕ್ಕಳನ್ನು ಒಮ್ಮೆ ನಿಲ್ಲಿಸಿ ಈ ಕಥೆ ಹೇಳಿ. ಕನ್ನಡಿಗರೂ ಕ್ರೈಸ್ತರೂ ಆಗಿರುವುದರಲ್ಲಿ ಬಿರುಕಿಲ್ಲ ಎಂದು ಅವರಿಗೆ ಅನ್ನಿಸಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

"ಪ್ರಸಾದ ಯಾಕೆ ತಗೊಳ್ಳಲ್ಲ?" ಈ ವಿಷಯದಲ್ಲಿ ಕ್ರೈಸ್ತ ಮನೆಗಳಲ್ಲೇ ಬೇರೆ ಬೇರೆ ನಡವಳಿಕೆ ಇದೆ, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ ನಿಮ್ಮ ಮನೆಯ ತೀರ್ಮಾನ ಮಾಡಿಕೊಳ್ಳಿ. ತಗೊಳ್ಳುವುದಿಲ್ಲ ಎಂದಾದರೆ ಹೇಳುವ ರೀತಿ ಮುಖ್ಯ. ಕೊಡುವವರು ಪ್ರೀತಿಯಿಂದ ಕೊಡುತ್ತಿದ್ದಾರೆ. ಕೈ ಮುಗಿದು, "ಬೇಜಾರು ಮಾಡ್ಕೋಬೇಡಿ ಅಕ್ಕ, ನಮ್ಮ ಮನೇಲಿ ಯೇಸುವಿಗೆ ಮಾತು ಕೊಟ್ಟಿದ್ದೀವಿ. ಕಾಫಿ ಕೊಡಿ, ಕುಡಿದೇ ಹೋಗ್ತೀನಿ" ಅನ್ನಿ. ಕುಡಿದು ಬನ್ನಿ, ಅವಸರ ಮಾಡದೆ.

"ಎಲ್ಲಾ ದೇವರೂ ಒಂದೇ ಅಲ್ವಾ?" ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ಕೇಳುವವರು ಸಾಮಾನ್ಯವಾಗಿ ನಮ್ಮನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಕೇಳುತ್ತಾರೆ, ವಾದಕ್ಕಲ್ಲ. ಹೌದು ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಅಲ್ಲ ಎಂದು ಮುಖಕ್ಕೆ ಹೊಡೆಯಲೂ ಆಗುವುದಿಲ್ಲ. ನಾನು ಹೇಳುವುದು: "ನೀವು ಪ್ರೀತಿಯಿಂದ ಕೇಳ್ತಿದ್ದೀರಿ, ಗೊತ್ತು. ನಾನು ಬೇರೆಯವರ ಬಗ್ಗೆ ಹೇಳೋಷ್ಟು ದೊಡ್ಡವಳಲ್ಲ. ಆದರೆ ನಮಗೋಸ್ಕರ ಪ್ರಾಣ ಕೊಟ್ಟು ಮತ್ತೆ ಎದ್ದುಬಂದ ದೇವರು ಯೇಸು ಅಂತ ನಂಬಿದ್ದೀನಿ. ಅದಕ್ಕೇ ಅವನನ್ನು ಬಿಟ್ಟು ಇನ್ನೊಬ್ಬರ ಮುಂದೆ ಬಾಗೋಕೆ ನನಗೆ ಆಗಲ್ಲ."

ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನಮ್ಮ ಅಯ್ಯನವರನ್ನ ಕೇಳಿ ಹೇಳ್ತೀನಿ" ಅನ್ನಲು ಮಕ್ಕಳಿಗೆ ಕಲಿಸಿ. ಕೇಳಿ, ಹೋಗಿ ಹೇಳಲೇಬೇಕು.

ಬಾಗಿಲು ತೆರೆಯಿರಿ, ನೀವೂ ಹೋಗಿ

ಬೈಬಲ್ಲಿನ ಅಕ್ವಿಲ ಪ್ರಿಸ್ಕಿಲ್ಲ ದಂಪತಿ ಗುಡಾರದ ಕೆಲಸದವರು. ಬೋಧಕ ಅಪೊಲ್ಲೋಸನ ಮಾತಿನಲ್ಲಿ ಕೊರತೆ ಕಂಡಾಗ ಸಭೆಯಲ್ಲಿ ಎದ್ದು ತಿದ್ದಲಿಲ್ಲ, ಅವನನ್ನು ಮನೆಗೆ ಕರೆದುಕೊಂಡು ಹೋಗಿ ಕೂಡಿಸಿ ಹೇಳಿದರು. ಫಿಲಿಪ್ಪಿಯ ಲುದ್ಯಳೂ ಅಷ್ಟೇ, ನಂಬಿದ ಕೂಡಲೇ ಮಾಡಿದ ಮೊದಲ ಕೆಲಸ ಪೌಲನ ತಂಡವನ್ನು ಮನೆಗೆ ಬನ್ನಿ ಎಂದು ಬಲವಂತ ಮಾಡಿದ್ದು. ಕುಟುಂಬವಾಗಿ ಸಾಕ್ಷಿ ಹೇಳಲು ಊಟದ ಎಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆದರೆ ಕರೆಯುವಾಗ ಅವರ ಮನೆಯ ನೇಮ ತಿಳಿದುಕೊಳ್ಳಿ. ಮೊಟ್ಟೆ ತಿನ್ನದವರಿಗೆ ಮೊಟ್ಟೆಯಿಲ್ಲದ ಕೇಕು, ಜೈನರಾದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ಮಾಂಸ ಬೇಯಿಸದ ಪಾತ್ರೆ. ಕೇಳುವ ಮೊದಲೇ "ಬೇರೆ ಪಾತ್ರೇಲಿ ಮಾಡಿದ್ದೀನಿ" ಎಂದು ಹೇಳಿಬಿಡಿ, ಅವರಿಗೆ ಮುಜುಗರ ತಪ್ಪುತ್ತದೆ. ಊಟಕ್ಕೆ ಮೊದಲು "ನಾವು ಅರ್ಧ ನಿಮಿಷ ಪ್ರಾರ್ಥನೆ ಮಾಡ್ತೀವಿ, ನೀವು ಸುಮ್ಮನೆ ಕೂತಿರಿ ಸಾಕು" ಎಂದು ತಿಳಿಸಿ, ನಿಜವಾಗಿಯೂ ಅರ್ಧ ನಿಮಿಷದಲ್ಲೇ ಮುಗಿಸಿ. ಪ್ರಾರ್ಥನೆಯೊಳಗೆ ಅತಿಥಿಗಳಿಗೆ ಪ್ರಸಂಗ ಮಾಡಬೇಡಿ. ಕ್ರಿಸ್ಮಸ್ ಆದರೆ ಲೂಕನ 2ನೇ ಅಧ್ಯಾಯದ ಮೊದಲ ಇಪ್ಪತ್ತು ವಚನವನ್ನು ಮನೆಯ ಮಗು ಓದಬಹುದು.

ಹಾಗೇ ಯುಗಾದಿಗೆ ಕರೆದರೆ ಹೋಗಿ. ಅವರ ಮದುವೆಗೆ, ಗೃಹಪ್ರವೇಶಕ್ಕೆ ಹೋಗಿ. ಸಾವಿನ ಮನೆಗಂತೂ ಮೊದಲು ಹೋಗುವವರು ನೀವಾಗಿರಿ, ಫ್ಲಾಸ್ಕಿನಲ್ಲಿ ಕಾಫಿ ತಗೊಂಡು, ಏನೂ ಮಾತಾಡದೆ.

ಮಕ್ಕಳ ಬಗ್ಗೆ

ಸಿರಿಯಾದ ಸೇನಾಪತಿ ನಾಮಾನನ ಹೆಂಡತಿಗೆ ಪ್ರವಾದಿ ಎಲೀಷನ ಸುದ್ದಿ ಹೇಳಿದ್ದು ಸೆರೆಯಾಗಿ ಬಂದಿದ್ದ ಒಬ್ಬ ಪುಟ್ಟ ಹುಡುಗಿ, ಅವಳ ಹೆಸರು ಕೂಡ ಬೈಬಲ್ಲಿನಲ್ಲಿ ಇಲ್ಲ. ಮಕ್ಕಳು ಹೇಳಬಲ್ಲರು. ಆದರೆ ದೊಡ್ಡವರಿಗೆ ಧೈರ್ಯವಿಲ್ಲವೆಂದು ಅವರನ್ನು ಮುಂದೆ ತಳ್ಳಬೇಡಿ. ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಎನ್ನುತ್ತಾನೆ ಪೌಲ.

ಹದಿಹರೆಯದ ಮಗ "ನನಗೆ ಇದೆಲ್ಲ ಬೇಡ" ಅಂದರೆ ಬಲವಂತ ಬೇಡ. ಊಟದ ಮೇಜಿನಲ್ಲಿ ಅವನ ಜಾಗ ಇರಲಿ, ಅವನ ಪ್ರಶ್ನೆಗೂ ಜಾಗ ಇರಲಿ. ಇನ್ನೊಂದು ಮಾತು ಖಂಡಿತವಾಗಿ ಹೇಳುತ್ತೇನೆ: ನೆರೆಯ ಮಕ್ಕಳನ್ನು ಅವರ ಅಪ್ಪ ಅಮ್ಮನನ್ನು ಕೇಳದೆ ಸಂಡೇ ಸ್ಕೂಲಿಗಾಗಲಿ, ರಜೆಯ ಬೈಬಲ್ ಶಾಲೆಗಾಗಲಿ ಕರೆದುಕೊಂಡು ಹೋಗಬೇಡಿ. ನಮ್ಮ ಮಗುವನ್ನು ಯಾರಾದರೂ ಹಾಗೆ ಕರೆದೊಯ್ದರೆ ನಮಗೆ ಹೇಗಿರುತ್ತದೆ?

ಮನೆಯಲ್ಲಿ ನೀವೊಬ್ಬರೇ ನಂಬಿದವರಾದರೆ

ನನಗೆ ಗೊತ್ತಿರುವ ಕೆಲವು ಸೊಸೆಯಂದಿರು ಇದ್ದಾರೆ, ಸೆರಗಿನ ಮರೆಯಲ್ಲಿ ಪ್ರಾರ್ಥಿಸುವವರು. ಅವರಿಗೆ ಈ ಲೇಖನದ ಅರ್ಧ ಹೆಜ್ಜೆಗಳು ಉಪಯೋಗಕ್ಕೆ ಬಾರವು. ಪೇತ್ರ ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಮಾತಿಲ್ಲದೆ ನಡತೆಯಿಂದಲೇ ಗೆಲ್ಲುವ ವಿಷಯ ಬರೆದಿದ್ದಾನೆ. ಹೊಡೆತ ಬಡಿತವನ್ನು ಸಹಿಸಿಕೊಂಡಿರಿ ಎಂಬುದಕ್ಕೆ ಆ ಮಾತನ್ನು ಬಳಸಬಾರದು. ಅಂಥ ಅಕ್ಕತಂಗಿಯರಿಗೆ ಒಂದು ಕುಟುಂಬ ಬೇಕು, ಆ ಕುಟುಂಬ ನಿಮ್ಮದಾಗಲಿ. ವಾರಕ್ಕೊಮ್ಮೆ ಫೋನು, ತಿಂಗಳಿಗೊಮ್ಮೆ ಜೊತೆಗೆ ಊಟ.

ಕಾನೂನು ತಿಳಿದುಕೊಳ್ಳಿ

ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಅದು ಒಳಪಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟ್ ಈ "ಪ್ರಚಾರ"ದ ಅರ್ಥವನ್ನು ವಿವರಿಸಿ, ತನ್ನ ಧರ್ಮದ ತತ್ವಗಳನ್ನು ತಿಳಿಸಿ ಹೇಳುವುದು ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯಿದೆ ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಗಳಿಂದ ಮಾಡುವ ಮತಾಂತರವನ್ನು ಅಪರಾಧ ಎಂದಿದೆ. ಉಡುಗೊರೆ, ಕೆಲಸ, ಉಚಿತ ಶಿಕ್ಷಣದ ಆಸೆ ತೋರಿಸುವುದೂ ಆಮಿಷದಲ್ಲಿ ಬರುತ್ತದೆ. ಅದನ್ನು ಹಿಂತೆಗೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ನೀವಿರುವ ಊರಿನಲ್ಲಿ, ರಾಜ್ಯದಲ್ಲಿ ಇವತ್ತು ಯಾವ ನಿಯಮ ಜಾರಿಯಲ್ಲಿದೆ ಎಂದು ಸಭೆಯ ಮೂಲಕ ಒಬ್ಬ ವಕೀಲರನ್ನು ಕೇಳಿ ತಿಳಿದುಕೊಳ್ಳಿ.

ಕಾನೂನು ಹೇಳದಿದ್ದರೂ ನಾವು ಪಾಲಿಸಬೇಕಾದ ಗೆರೆ ಒಂದಿದೆ. ನೆರವಿಗೂ ನಂಬಿಕೆಯ ಮಾತಿಗೂ ಗಂಟು ಹಾಕಬೇಡಿ. ಕೆಲಸದವರ ಮಗಳ ಫೀಸು ಕಟ್ಟಿದರೆ ಕಟ್ಟಿದಿರಿ, ಅದಕ್ಕೆ ಪ್ರತಿಯಾಗಿ ಚರ್ಚಿಗೆ ಬಾ ಎಂದು ಕರೆದರೆ ಅದು ವ್ಯಾಪಾರ. ನಿಮ್ಮ ಕೈಕೆಳಗೆ ಸಂಬಳಕ್ಕೆ ಇರುವವರು "ಬೇಡ" ಅನ್ನಲಾರರು ಎಂಬುದು ಯಾವಾಗಲೂ ನೆನಪಿರಲಿ.

ಯಾರಾದರೂ ಗುಂಪಾಗಿ ಬಂದು ತಡೆದರೆ ವಾದಿಸಬೇಡಿ. ಮಕ್ಕಳನ್ನೂ ವಯಸ್ಸಾದವರನ್ನೂ ಒಳಗೆ ಕಳಿಸಿ, 112ಕ್ಕೆ ಕರೆ ಮಾಡಿ, ಸಭಾಪಾಲಕರಿಗೆ ತಿಳಿಸಿ. ವಿಡಿಯೋ ಮಾಡಿ ಹಂಚಬೇಡಿ. ಸಿಟ್ಟಿನಲ್ಲಿ ಬಂದವರಲ್ಲಿ ನಿಮ್ಮ ಓಣಿಯ ಹುಡುಗನೂ ಇರಬಹುದು, ನಾಳೆ ಅವನ ತಾಯಿಯ ಜೊತೆ ನೀವು ಮಾತಾಡಬೇಕಾಗುತ್ತದೆ.

ಮೂರು ಹೆಸರು

ಫ್ರಿಜ್ಜಿನ ಮೇಲಿನ ಚೀಟಿಯ ಕೆಳಗೆ ಮೂರು ಹೆಸರು ಬರೆಯಿರಿ. ಮೂರೇ. ಆ ಮೂವರಿಗಾಗಿ ದಿನವೂ ಮನೆಮಂದಿಯೆಲ್ಲ ಪ್ರಾರ್ಥಿಸಿ: ಅವರ ಸಕ್ಕರೆ ಕಾಯಿಲೆ, ಮಗನ ಕೆಲಸ, ಸೈಟಿನ ಕೇಸು. ಪ್ರಾರ್ಥಿಸುತ್ತಾ ಹೋದ ಹಾಗೆ ಅವರನ್ನು ನೋಡುವ ನಮ್ಮ ಕಣ್ಣೇ ಬೇರೆಯಾಗುತ್ತದೆ, ಪ್ರೀತಿ ಹೆಚ್ಚಿದಷ್ಟೂ ಭಯ ಕಡಿಮೆಯಾಗುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ನಮ್ಮ ಮೊದಲ ಹೆಸರು ಅಕ್ಕನದು. ಕಳೆದ ಮಳೆಗಾಲದಲ್ಲಿ ಅವರ ಯಜಮಾನರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಸಂಜೆ ನಾವು ನಾಲ್ವರೂ ಅನ್ನ ಸಾರು ತಗೊಂಡು ಹೋದೆವು. ಹೊರಡುವಾಗ ನಾನು ಕೇಳಿದೆ: "ಅಕ್ಕ, ನಿಮಗೆ ಸರಿ ಅನ್ನಿಸಿದರೆ ಒಂದು ಪ್ರಾರ್ಥನೆ ಮಾಡಲಾ? ಬೇಡ ಅಂದ್ರೂ ಏನಿಲ್ಲ." ಅವರು ತಲೆ ಆಡಿಸಿದರು. ಕಾರಿಡಾರಿನ ಬೆಂಚಿನ ಮೇಲೆ ಕೂತು, ನಾಲ್ಕು ವಾಕ್ಯ, ಅಡುಗೆಮನೆಯ ಕನ್ನಡದಲ್ಲಿ. ಮುಗಿದ ಮೇಲೆ ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಆಮೇಲೆ ಮಗಳ ಕಡೆ ತಿರುಗಿ, "ನೀವು ದಿನಾ ಹಿಂಗೇ ಮಾತಾಡ್ತೀರಾ ಅವನ ಹತ್ರ?" ಅಂದರು.

"ಹೂಂ ಆಂಟಿ," ಅಂದಳು ಮಗಳು. "ನಿಮ್ಮ ಹೆಸರೂ ಹೇಳ್ತೀವಿ. ಫ್ರಿಜ್ ಮೇಲಿದೆ."

ಯಜಮಾನರು ಈಗ ಹುಷಾರಾಗಿದ್ದಾರೆ. ಅಕ್ಕ ಎಂದಿನ ಹಾಗೆ ಪ್ರತಿ ಶುಕ್ರವಾರ ದೇವಸ್ಥಾನಕ್ಕೆ ಹೋಗುತ್ತಾರೆ. ಹೋದ ವಾರ ಇಳಿದು ಬಂದು, ಆ ದಾರಿ ನೋಡುವ ಅಪ್ಪನ ಕಥೆ ಎಲ್ಲಿದೆ, ಒಮ್ಮೆ ಓದಿಸಿ ಅಂದರು. ಮಗಳು ಲೂಕನ 15ನೇ ಅಧ್ಯಾಯ ತೆರೆದು ಓದಿದಳು, ನಾನು ಕಾಫಿಗೆ ಹಾಲು ಇಟ್ಟೆ.